ಸರ್ವಮಂಗಳಮ್ಮನ ನೂರು ಓದುಗರು

ಸರ್ವಮಂಗಳಮ್ಮನಿಗೆ ಸಿಟ್ಟು ಬಂದರೆ ಮೊದಲು ತಿಳಿಯುವುದು ಮನೆಯ ಪಾತ್ರೆಗಳಿಗೆ. ಅವತ್ತು ಬೆಳಿಗ್ಗೆ ಏಳು ಗಂಟೆಗೇ ಸಿಂಕಿನಲ್ಲಿ ತಟ್ಟೆಗಳು ದಬದಬ ಬೀಳತೊಡಗಿದವು. ನಡುಮನೆಯಲ್ಲಿ ಶೂ ಹಾಕಿಕೊಳ್ಳುತ್ತಿದ್ದ ಅವಳ ಗಂಡ ಸದಾಶಿವಯ್ಯ ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ಎಷ್ಟಂತೆ ಇವತ್ತು?"

"ಹನ್ನೊಂದೇ," ಅಂದಳು ದೀಪಿಕಾ.

"ನಿನ್ನೆ?"

"ನಿನ್ನೆನೂ ಹನ್ನೊಂದೇ ಅಪ್ಪ. ಹೋದ ವಾರ ಹನ್ನೆರಡಿತ್ತು. ಒಬ್ಬರು ಬಿಟ್ಟು ಹೋದ್ರು."

ಸದಾಶಿವಯ್ಯ ಶೂ ದಾರ ಬಿಗಿದು ಎದ್ದ. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಅವನು ಸ್ಟೋರ್ ನೋಡಿಕೊಳ್ಳುತ್ತಿದ್ದ. ಎಂಟಕ್ಕೆ ಕಂಪನಿ ಬಸ್ಸು ಶಿರಾ ಗೇಟಿಗೆ ಬರುತ್ತಿತ್ತು. ಊಟದ ಡಬ್ಬಿ ಎತ್ತಿಕೊಂಡು ಚಪ್ಪಲಿ ಸ್ಟ್ಯಾಂಡಿನ ಹತ್ತಿರವೇ ಮುಚ್ಚಳ ತೆಗೆದು ನೋಡಿದ. ನಿನ್ನೆಯದೇ ಚಿತ್ರಾನ್ನ. ಕೇಳುವ ಧೈರ್ಯವಾಗಲಿಲ್ಲ, ಹೊರಟ.

ಆ ಹನ್ನೊಂದು ಏನಪ್ಪಾ ಅಂದರೆ, ಫೋನಿನಲ್ಲಿ 'ಬರಹಮನೆ' ಅಂತ ಒಂದು ಆ್ಯಪ್. ಯಾರು ಬೇಕಾದರೂ ಅದರಲ್ಲಿ ಕನ್ನಡದಲ್ಲಿ ಬರೆದು ಹಾಕಬಹುದು, ಯಾರು ಬೇಕಾದರೂ ಓದಬಹುದು. ಒಬ್ಬರ ಬರಹ ಹಿಡಿಸಿದರೆ ಅವರ ಓದುಗರಾಗಿ ಸೇರಿಕೊಳ್ಳಬಹುದು. ಸರ್ವಮಂಗಳಮ್ಮ ಸೇರಿ ಐವತ್ತು ದಿನವಾಗಿತ್ತು. ಬರೆದು ಹಾಕಿದ್ದು ಹದಿನೇಳು. ಸೇರಿದ ಓದುಗರು ಹನ್ನೊಂದು. ಅದರಲ್ಲಿ ಒಂದು ಮಗಳು, ಒಂದು ಪಕ್ಕದ ಮನೆಯ ಅರ್ಜೂ, ಇನ್ನೊಂದು ಸದಾಶಿವಯ್ಯನ ಹಳೇ ಫೋನು.

ಹೊಸಬರಿಗೆ ಅಲ್ಲೊಂದು ನಿಯಮವಿತ್ತು. ಸೇರಿದ ತೊಂಬತ್ತು ದಿನದೊಳಗೆ ನೂರು ಓದುಗರಾದರೆ, ನಮ್ಮದೊಂದು ಬರಹವನ್ನು ಅವರೇ ಆರಿಸಿ ಒಂದಿಡೀ ದಿನ ಮುಖಪುಟದಲ್ಲಿ ಹಾಕುತ್ತಾರೆ. ಮುಖಪುಟ ಅಂದರೆ ಲಕ್ಷ ಜನ ತೆಗೆದು ನೋಡುವ ಜಾಗ. ಸರ್ವಮಂಗಳಮ್ಮನಿಗೆ ಆ ಒಂದು ದಿನ ಬೇಕಾಗಿತ್ತು.

ಅವಳು ನಿಟ್ಟೂರಿನ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಪ್ರಬಂಧಕ್ಕೆ ಯಾವಾಗಲೂ ಇಪ್ಪತ್ತಕ್ಕೆ ಹದಿನೆಂಟು. ಆಮೇಲೆ ಮದುವೆ, ಕುಣಿಗಲ್ಲಿನ ಕೂಡು ಮನೆ, ಅಲ್ಲಿಂದ ಬೇರೆಯಾಗಿ ತುಮಕೂರು. ನಡುವೆ ಮೂವತ್ತು ವರ್ಷ ಅವಳು ಬರೆದಿದ್ದು ಸಾಮಾನು ಚೀಟಿ ಮಾತ್ರ. ಖಾಸಗಿ ಶಾಲೆಯಲ್ಲಿ ಟೀಚರಾಗಿದ್ದ ದೀಪಿಕಾ ಬೇಸಿಗೆ ರಜೆಯಲ್ಲಿ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಹೇಳಿಕೊಟ್ಟಳು. ಅಲ್ಲಿಂದ ಶುರುವಾಗಿದ್ದು ನಿಲ್ಲಲಿಲ್ಲ.

ಸಂಜೆ ಶಾಲೆಯಿಂದ ಬಂದ ದೀಪಿಕಾ ಕಾಫಿ ಕುಡಿಯುತ್ತ ಬುದ್ಧಿ ಹೇಳಿದಳು.

"ಅಮ್ಮ, ನಿನ್ನ ಟೈಟಲ್ಲೇ ಸರಿಯಿಲ್ಲ. 'ನಮ್ಮೂರ ಮೇಷ್ಟ್ರು' ಅಂತ ಹಾಕಿದ್ರೆ ಯಾರು ಓದ್ತಾರೆ? 'ಈ ಮೇಷ್ಟ್ರು ಮಾಡಿದ್ದು ಕೇಳಿದ್ರೆ ಶಾಕ್ ಆಗ್ತೀರ' ಅಂತ ಹಾಕು."

"ಮೇಷ್ಟ್ರು ಏನೂ ಮಾಡಿಲ್ಲ ಕಣೇ. ಪಾಠ ಮಾಡಿದ್ರು."

"ಅದೇ ಪ್ರಾಬ್ಲಮ್ಮು. ಮತ್ತೆ, ಬೇರೆಯೋರದ್ದು ನೀನೂ ಓದಿ ಕಾಮೆಂಟ್ ಹಾಕ್ಬೇಕು. ಆಗ ಅವರೂ ನಿಂದು ಓದ್ತಾರೆ."

"ಓದಿದೀನಿ. ಆ ಎಂಜಿನಿಯರ್ ಒಬ್ಬ ಮಳೆ ಮೇಲೆ ಹದಿನಾರು ಕವನ ಬರ್ದವ್ನೆ. ಹದಿನಾರೂ ಓದಿ, ಒಂದೊಂದಕ್ಕೂ ನಾಲ್ಕು ಸಾಲು ಬರ್ದು ಹಾಕ್ದೆ. ಅವ್ನು ನಂದಕ್ಕೆ 'ಸೂಪರ್ ಮೇಡಂ' ಅಂತ ಹಾಕ್ದ. ಹಾಕಿದ್ದು ಯಾವಾಗ? ನಾನು ಪೋಸ್ಟ್ ಮಾಡಿದ ಮೂರು ಸೆಕೆಂಡಿಗೆ. ಮೂರು ಪುಟ ಮೂರು ಸೆಕೆಂಡಲ್ಲಿ ಓದ್ತಾನಾ ಅವ್ನು?"

"ಎಲ್ಲರೂ ಹಂಗೇ ಅಮ್ಮ."

"ಹಂಗಿದ್ರೆ ಯಾಕೆ ಬರೀಬೇಕು, ಮೂರು ಸೆಕೆಂಡಿನ ಜನಕ್ಕೆ?"

ದಿವಾನದ ಮೇಲೆ ಕಾಲು ಮಡಿಚಿ ಕೂತು ಸೊಪ್ಪು ಬಿಡಿಸುತ್ತಿದ್ದ ಅತ್ತೆ ಸಿದ್ದಲಿಂಗಮ್ಮ ತಲೆ ಎತ್ತಿದರು. ವಯಸ್ಸು ಎಂಬತ್ತು. ಕಿವಿ, ನಾಲಗೆ ಎರಡೂ ಚುರುಕು.

"ಕರೀದೆ ಯಾರೇ ಬರ್ತಾರೆ? ಈ ಮನೆ ಗೃಹಪ್ರವೇಶಕ್ಕೆ ನಾನು ಮನೆಮನೆ ಹತ್ತಿ ಇಳಿದು, ಕುಂಕುಮ ಇಟ್ಟು ಕರೆದು ಬಂದೆ. ಆರುನೂರು ಎಲೆ ಆಯ್ತು. ನೀನು ಮೂಲೇಲಿ ಕೂತು ಫೋನ್ ಉಜ್ಜಿದ್ರೆ ಜನ ಬಂದ್ಬುಡ್ತಾರಾ?"

ಸಿದ್ದಲಿಂಗಮ್ಮ ಅದನ್ನು ಹಂಗಿಸಲೆಂದೇ ಹೇಳಿದ್ದು. ಸೊಸೆ ಅದನ್ನು ಬುದ್ಧಿವಾದವೆಂದೇ ತೆಗೆದುಕೊಂಡಳು.

* * *

ಮುಂದಿನ ಭಾನುವಾರ ಸರ್ವಮಂಗಳಮ್ಮ ಗುಬ್ಬಿಯ ಬಸ್ಸು ಹತ್ತಿದಳು. ಗುಬ್ಬಿಯಲ್ಲಿ ಅವಳ ತಮ್ಮ ರೇಣುಕಾಪ್ರಸಾದನ ಪಾತ್ರೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಸುತ್ತ ಮೂರು ಬೀದಿಯಲ್ಲಿ ಎಲ್ಲ ಅವರ ಕಡೆಯವರೇ. ಒಬ್ಬರ ಮನೆಗೆ ಏನಾದರೂ ಕೇಳಿಕೊಂಡು ಹೋಗುವಾಗ ಬರಿಗೈಲಿ ಹೋಗುವುದು ಅವಳಿಗೆ ಗೊತ್ತಿಲ್ಲ. ಅದಕ್ಕೇ ಚೀಲದಲ್ಲಿ ಕುಂಕುಮದ ಭರಣಿ, ಎಲೆ ಅಡಿಕೆ, ಎರಡು ಚಿಪ್ಪು ಬಾಳೆಹಣ್ಣು.

ಬಾಗಿಲು ತೆಗೆದ ನಾದಿನಿ ಮಾಲಿನಿ, ತಮ್ಮನ ಹೆಂಡತಿ, ಅತ್ತಿಗೆಯ ಕೈಲಿದ್ದ ಭರಣಿಯನ್ನೇ ಮೊದಲು ನೋಡಿದಳು.

"ಅಯ್ಯೋ ಮಂಗಳಕ್ಕ, ಒಂದು ಮಾತೂ ಹೇಳಲಿಲ್ವಲ್ಲ. ಗಂಡು ಎಲ್ಲಿಯೋರು?"

"ಗಂಡೂ ಇಲ್ಲ ಗುಂಡೂ ಇಲ್ಲ ಕಣೇ. ಮೊದಲು ಹಣೆ ತೋರ್ಸು. ಆಮೇಲೆ ಫೋನ್ ಕೊಡು."

ಹಣೆಗೆ ಕುಂಕುಮ ಇಟ್ಟು, ಮಡಿಲಿಗೆ ಬಾಳೆಹಣ್ಣು ಹಾಕಿ, ಮಾಲಿನಿಯ ಫೋನನ್ನು ಇಸ್ಕೊಂಡು ಆ್ಯಪ್ ಇಳಿಸಿದಳು. ತನ್ನ ಹೆಸರು ಹುಡುಕಿ ಗುಂಡಿ ಒತ್ತಿದಳು. ರೇಣುಕಾಪ್ರಸಾದ ಅಂಗಡಿಯಿಂದ ಬಂದು ನಿಂತ.

"ಏನಕ್ಕ ಇದು, ಸಂಘದ ಎಲೆಕ್ಷನ್ನಾ?"

"ಹೂಂ ಕಣೋ. ನಿಂದೂ ಕೊಡು ಇಲ್ಲಿ."

"ನನಗೆ ಓದೋಕೆ ಟೈಮೆಲ್ಲಿದೆ ಅಕ್ಕ?"

"ಓದ್ಬೇಡ ಬುಡು, ಸೇರ್ಕೊ ಸಾಕು."

ಈ ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೇ ಒಂಥರಾ ಆಯಿತು. ಆದರೆ ನಿಂತು ಯೋಚಿಸುವ ಹೊತ್ತಲ್ಲ, ಇನ್ನೂ ನಲವತ್ತು ಮನೆಯಿತ್ತು.

ಮೊದಮೊದಲು ಪ್ರತಿ ಮನೆಯಲ್ಲೂ ಆ್ಯಪ್ ಅಂದರೇನು, ಬರಹ ಅಂದರೇನು ಅಂತ ಬಿಡಿಸಿ ಹೇಳಿದಳು. ಹತ್ತು ಮನೆಯಾಗುವಷ್ಟರಲ್ಲಿ ಬಾಯಿ ಒಣಗಿತು. ಆಮೇಲೆ ಕುಂಕುಮ ಇಟ್ಟು, "ಮನೆಮಂದಿ ಎಲ್ಲಾ ಬರ್ಬೇಕು, ಮರೀಬೇಡಿ," ಅಂತ ಅಭ್ಯಾಸಬಲದಿಂದ ಹೇಳುತ್ತ, ಸಿಕ್ಕಿದ ಫೋನಿಗೆಲ್ಲ ಆ್ಯಪ್ ಹಾಕುತ್ತ ಹೋದಳು. ಹುಡುಗರು ಮನೆಯಲ್ಲಿಲ್ಲದ ಕಡೆ ಕುಂಕುಮ, ಬಾಳೆಹಣ್ಣು ಮಾತ್ರ ಕೊಟ್ಟು ಬಂದಳು. ಎರಡು ಭಾನುವಾರಕ್ಕೆ ಗುಬ್ಬಿ ಮುಗಿಯಿತು. ಶನಿವಾರಗಳಲ್ಲಿ ತುಮಕೂರಿನ ಪರಿಚಯದವರು ಮುಗಿದರು.

"ಕುಣಿಗಲ್?" ಕೇಳಿದಳು ದೀಪಿಕಾ. ಕುಣಿಗಲ್ಲಿನಲ್ಲಿ ಅವಳ ದೊಡ್ಡಪ್ಪ ಪರಮಶಿವಯ್ಯ, ದೊಡ್ಡಮ್ಮ ಶಕುಂತಲಮ್ಮ ಇದ್ದರು. ಸಿದ್ದಲಿಂಗಮ್ಮನ ಹಿರೇ ಮಗ, ಹಿರೇ ಸೊಸೆ.

"ಅಲ್ಲಿ ಬೇಡ."

"ಆ ಕಾಫಿಪುಡಿ ಕಥೆಗಾ?"

"ಹೆಸರು ಬದಲಾಯಿಸಿದೀನಿ."

"ಜಯಮ್ಮ ಅಂತ ಹಾಕಿದ್ರೆ ದೊಡ್ಡಮ್ಮಂಗೆ ಗೊತ್ತಾಗಲ್ವಾ?"

"ಅದಕ್ಕೇ ಬೇಡ ಅಂದಿದ್ದು."

ಎಂಬತ್ತನಾಲ್ಕನೇ ದಿನ, ಗುರುವಾರ, ಓದುಗರು ನೂರ ಮೂರಾದರು. ಮಧ್ಯಾಹ್ನವೇ ಬರಹಮನೆಯಿಂದ ಸಂದೇಶ ಬಂತು. ಅಭಿನಂದನೆಗಳು. ನಿಮ್ಮ 'ಎರಡನೇ ಡಿಕಾಕ್ಷನ್' ಬರಹ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮುಖಪುಟದಲ್ಲಿ ಬರಲಿದೆ. ಸರ್ವಮಂಗಳಮ್ಮ ಅವತ್ತು ಹೋಳಿಗೆ ಮಾಡಿದಳು. ಸದಾಶಿವಯ್ಯ ನಾಲ್ಕು ತಿಂದು, ತಿಂಗಳಿಗೊಮ್ಮೆ ಹೀಗೆ ಮುಖಪುಟಕ್ಕೆ ಬಂದರೆ ಒಳ್ಳೆಯದು ಅಂದ.

'ಎರಡನೇ ಡಿಕಾಕ್ಷನ್' ಅವಳು ಬರೆದ ಹನ್ನೆರಡನೆಯದು. ಕುಣಿಗಲ್ಲಿನ ಕೂಡು ಮನೆಯಲ್ಲಿ ಕಾಫಿಪುಡಿಯ ಗೋಡೆಬೀರುವಿಗೆ ಬೀಗ ಇತ್ತು. ಓರಗಿತ್ತಿ ಶಕುಂತಲಮ್ಮ ದಿನಾ ಬೆಳಿಗ್ಗೆ ಪುಡಿ ಅಳೆದು ಕೊಡುತ್ತಿದ್ದಳು. ಗಂಡಸರಿಗೆ, ಹಿರಿಯರಿಗೆ ಮೊದಲ ಡಿಕಾಕ್ಷನ್. ಹೊಸ ಸೊಸೆಗೆ ಅದೇ ಚರಟಕ್ಕೆ ಮತ್ತೆ ಬಿಸಿನೀರು ಹುಯ್ದು ಇಳಿಸಿದ ನೀರು. ಮೂರು ವರ್ಷ ಅವಳು ಆ ನೀರನ್ನು ಕುಡಿದಿದ್ದಳು. ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿದೆ ಅಂತ ಅವಳಿಗೂ ಗೊತ್ತಿತ್ತು.

* * *

ಶನಿವಾರ ಸಂಜೆ ಪರಮಶಿವಯ್ಯ ಫೋನು ಮಾಡಿದರು. ಸದಾಶಿವಯ್ಯ ಕಿವಿಯಿಂದ ಒಂದಡಿ ದೂರ ಹಿಡಿದಿದ್ದರೂ ಅಡಿಗೆಮನೆಗೆ ಎಲ್ಲ ಕೇಳಿಸಿತು.

"ಏನ್ಲಾ ಸದಾಶಿವ, ಮಗಳ ಮದುವೆ ಗೊತ್ತು ಮಾಡಿ ಗುಬ್ಬಿಗೆಲ್ಲ ಕುಂಕುಮ ಹಂಚಿದೀಯಂತೆ. ಕುಣಿಗಲ್ ರಸ್ತೆ ಮುಚ್ಚೋಗಿದೆಯಾ?"

"ಯಾವ ಮದುವೆ ಅಣ್ಣ?"

"ಶಿವರಾಮಯ್ಯ ಗುಬ್ಬಿಯಿಂದ ಬಂದಿದ್ದ. ಅವನ ಮನೇಲಿ ನಿನ್ನ ಹೆಂಡ್ತಿ ಕುಂಕುಮ ಕೊಟ್ಟು, ಎಲ್ಲಾ ಬರ್ಬೇಕು ಅಂತ ಕರೆದು ಹೋದ್ಲಂತೆ. ಅವನು ನನ್ನ ಕೇಳ್ತಾನೆ, ಛತ್ರ ಎಲ್ಲಿ ಅಂತ. ನಾನೇನು ಹೇಳ್ಲಿ? ದೊಡ್ಡಪ್ಪ ಅನ್ನೋನು ಸತ್ತೋಗವ್ನೆ ಅಂತಲಾ?"

ಸದಾಶಿವಯ್ಯ ಫೋನಿಟ್ಟು ಹೆಂಡತಿಯ ಮುಂದೆ ಬಂದು ನಿಂತ. ಜಗಳ ಆಡುವ ಮನುಷ್ಯನಲ್ಲ, ಆದರೆ ಅವತ್ತು ಮುಖ ಕೆಂಪಾಗಿತ್ತು.

"ನಿನಗೆ ಯಾರು ಹೇಳಿದ್ದು ಕುಂಕುಮ ಹಿಡ್ಕೊಂಡು ಹೋಗು ಅಂತ?"

"ನಿಮ್ಮಮ್ಮ."

"ನಾನು ಹೇಳಿದ್ದು ಗೃಹಪ್ರವೇಶದ ಮಾತು," ಅಂದರು ದಿವಾನದಿಂದ ಸಿದ್ದಲಿಂಗಮ್ಮ. "ಫೋನಿಗೆ ಕುಂಕುಮ ಇಡು ಅಂದ್ನಾ?"

"ನನ್ನ ಸ್ಕೂಲಲ್ಲೂ ಒಬ್ಬರು ಕಂಗ್ರಾಟ್ಸ್ ಅಂದ್ರು," ಅಂದಳು ದೀಪಿಕಾ. "ಯಾಕೆ ಅಂತ ಈಗ ಗೊತ್ತಾಯ್ತು. ಥ್ಯಾಂಕ್ಸ್ ಅಮ್ಮ."

ಬೆಳಿಗ್ಗೆ ನಾಲ್ವರೂ ಬಸ್ಸು ಹಿಡಿದು ಕುಣಿಗಲ್ಲಿಗೆ ಹೋದರು.

ದೊಡ್ಡಕೆರೆ ಕಡೆಯ ರಸ್ತೆಯಲ್ಲಿ ಆ ಹಳೇ ಮನೆ. ಮುಂದೆ ದಿನಸಿ ಅಂಗಡಿ, ಹಿಂದೆ ವಾಸ. ಹುರುಳಿಕಾಳಿನ ಬಸ್ಸಾರು, ಮುದ್ದೆ ಬಡಿಸಿದ ಶಕುಂತಲಮ್ಮ ಎಲ್ಲರಿಗೂ ತುಪ್ಪ ಹಾಕಿದಳು, ಓರಗಿತ್ತಿಯ ತಟ್ಟೆಗೂ ಹಾಕಿದಳು. ಆದರೆ ಮುಖ ನೋಡಲಿಲ್ಲ.

ಕೈ ತೊಳೆದು ಕೂತ ಮೇಲೆ ಸರ್ವಮಂಗಳಮ್ಮ ತಾನೇ ಬಾಯಿ ಬಿಟ್ಟಳು.

"ಮದುವೆ ಅಲ್ಲ ಭಾವ. ನಾನು ಫೋನಲ್ಲಿ ಬರೀತೀನಿ. ಅದನ್ನ ಓದೋಕೆ ಜನ ಸೇರಿಸ್ಕೊಂಡು ಬಂದೆ."

"ಓದೋಕೆ ಕುಂಕುಮ ಕೊಟ್ಟು ಕರೀತಾರೇನಮ್ಮ?"

"ಬರಿಗೈಲಿ ಹೋಗೋಕೆ ಮನಸ್ಸಾಗಲಿಲ್ಲ."

ಪರಮಶಿವಯ್ಯ ಜೋರಾಗಿ ನಕ್ಕರು. ಹೆಗಲ ಮೇಲಿನ ಟವಲಿನಲ್ಲಿ ಕಣ್ಣೊರೆಸಿಕೊಂಡರು. ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಶಕುಂತಲಮ್ಮ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ನನಗೂ ಓದೋಕೆ ಬರುತ್ತೆ. ಏಳನೇ ಕ್ಲಾಸು ಪಾಸಾಗಿದೀನಿ. ನನ್ನ ಯಾಕೆ ಕರೀಲಿಲ್ಲ?"

ಸರ್ವಮಂಗಳಮ್ಮ ಮಗಳ ಕಡೆ ನೋಡಿದಳು.

"ಬುಡು, ಕರೀದಿದ್ರೂ ನಾನೇ ಬಂದೆ. ನಿನ್ನೆ ಬೆಳಿಗ್ಗೆ ಮಾಲಿನಿ ಫೋನಲ್ಲಿ ಎಲ್ಲಾ ಹೇಳಿದ್ಲು. ಇವರಿಗೆ ಹೇಳ್ಲಿಲ್ಲ, ಹೇಳಿದ್ರೆ ನೀವು ಬರ್ತಿರಲಿಲ್ಲ. ಸೊಸೆ ಕೈಲಿ ಆ್ಯಪ್ ಹಾಕಿಸ್ಕೊಂಡೆ. ಇಪ್ಪತ್ಮೂರೂ ಓದಿದೀನಿ. ಮೇಷ್ಟ್ರದ್ದು ಚೆನ್ನಾಗಿದೆ. ಹಪ್ಪಳದ್ದು ಸುಮಾರು, ಅಷ್ಟು ಖಾರ ಯಾರೂ ಹಾಕಲ್ಲ. ಹನ್ನೆರಡನೇದು ತೆಗಿ. ಇಲ್ಲೇ ಓದು, ಎಲ್ಲಾ ಕೇಳ್ಲಿ."

"ಅಕ್ಕ, ಅದು ಕಥೆ."

"ಕಥೇನೇ ಓದು."

ಓದದೆ ವಿಧಿಯಿರಲಿಲ್ಲ. ಸರ್ವಮಂಗಳಮ್ಮ ಫೋನು ತೆಗೆದು ಗಂಟಲು ಸರಿಮಾಡಿಕೊಂಡಳು. "ಜಯಮ್ಮನ ಸೊಂಟದಲ್ಲಿ ಸದಾ ಒಂದು ಬೀಗದಕೈ ಇರುತ್ತಿತ್ತು..."

"ನಿಲ್ಸು," ಅಂದಳು ಶಕುಂತಲಮ್ಮ. "ನನ್ನ ಸೊಂಟದಲ್ಲಿ ನೀನು ಕಂಡಿದ್ಯಾ?"

"ದಿನಾ ನೀವೇ ತಾನೆ ಬೀಗ ತೆಗೀತಿದ್ದಿದ್ದು?"

"ತೆಗೀತಿದ್ದೆ. ಬೀಗದಕೈ ಯಾರದು? ನೀನು ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನನ್ನ ಕೈಗೆ ಬರ್ತಿತ್ತು. ನೀನು ತಲೆ ಒರೆಸ್ಕೊಂಡು ಬರೋಷ್ಟರಲ್ಲಿ ವಾಪಸ್ ಹೋಗ್ತಿತ್ತು. ಯಾರ ಕೈಗೆ ಅಂತ ಕೇಳು. ಇಲ್ಲೇ ಕೂತವ್ರೆ."

ಎಲ್ಲರೂ ಸಿದ್ದಲಿಂಗಮ್ಮನ ಕಡೆ ನೋಡಿದರು. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಇಪ್ಪತ್ತಾರು ವರ್ಷದ ಮಾತು. ಈಗ್ಯಾಕೆ?" ಅಂದರು.

ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ.

"ನನಗೂ ಎರಡನೇ ಡಿಕಾಕ್ಷನ್ನೇ," ಅಂದಳು ಶಕುಂತಲಮ್ಮ. "ನೀನು ಮೂರು ವರ್ಷ ಕುಡಿದೆ. ನಾನು ಹನ್ನೆರಡು ವರ್ಷ ಕುಡಿದೆ. ಒಂದು ದಿನ ಪುಡಿ ಜಾಸ್ತಿ ಹಾಕಿದೆ ಅಂತ ಎಲ್ಲರ ಮುಂದೆ ಬೈಸ್ಕೊಂಡೆ, ತಡೀಲಾರದಂಗಾಯ್ತು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಕ್ಕ?"

"ನೀನು ಕೇಳಿದ್ಯಾ?"

ಸರ್ವಮಂಗಳಮ್ಮ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಇನ್ನೊಂದಿದೆ," ಅಂದಳು ಶಕುಂತಲಮ್ಮ. ದನಿ ಈಗ ತಗ್ಗಿತ್ತು, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಈ ದೀಪಿಕಾ ಹೊಟ್ಟೇಲಿದ್ದಾಗ ನಿನಗೆ ಕಾಫಿ ವಾಸನೆ ಬಂದ್ರೆ ಪ್ರಾಣ ಹೋಗೋ ಆಸೆ. ಎರಡು ತಿಂಗಳು ಹಿತ್ತಲ ಬಾಗಿಲಲ್ಲಿ ಕದ್ದು ಮೊದಲನೇ ಡಿಕಾಕ್ಷನ್ ತಂದು ಕೊಟ್ಟೋಳು ಯಾರು? ಅದು ಎಲ್ಲೋಯ್ತು ನಿನ್ನ ಕಥೇಲಿ?"

ಬೀಗದಕೈ ವಿಷಯ ಅವಳಿಗೆ ತಿಳಿದಿರಲಿಲ್ಲ, ನಿಜ. ಆದರೆ ಇದು ತಿಳಿದಿತ್ತು. ಬರೆಯುವಾಗ ನೆನಪಿಗೂ ಬಂದಿತ್ತು. ಒಂದು ಸಾಲು ಬರೆದೂ ಇದ್ದಳು. ಅದಿದ್ದರೆ ಜಯಮ್ಮ ಒಳ್ಳೆಯವಳಾಗಿಬಿಡುತ್ತಾಳೆ, ಕಥೆ ಮೆತ್ತಗಾಗುತ್ತದೆ ಅಂತ ಅಳಿಸಿದ್ದಳು.

"ಅಳಿಸ್ಬುಡು ಅದನ್ನ," ಅಂದ ಸದಾಶಿವಯ್ಯ. "ಇವತ್ತೇ ಅಳಿಸು. ಪೀಡೆ ಹೋಗ್ಲಿ."

"ಅಳಿಸೋದು ಬೇಡ," ಅಂದಳು ಶಕುಂತಲಮ್ಮ. "ಓದಿದೋರ ತಲೇಲಿ ನಾನು ಹಂಗೇ ಉಳೀತೀನಿ. ಸರಿ ಮಾಡಿ ಹಾಕು."

* * *

ತುಮಕೂರಿಗೆ ಬರುವವರೆಗೂ ಸಿದ್ದಲಿಂಗಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆಯಲ್ಲಿ ಸೀರೆ ಬದಲಾಯಿಸಿ ಬಂದು ಸೊಸೆಯ ಎದುರು ನಿಂತರು.

"ನಾನು ಹೋದ ಮೇಲೆ ಏನ್ ಬೇಕಾದ್ರೂ ಬರ್ಕೊ. ಇರೋವಾಗ ಬೇಡ. ಗುಬ್ಬಿಯೋರೆಲ್ಲ ನನ್ನ ಬಾಯಿಗೆ ಹಾಕ್ಕೊಂಡು ಅಗೀಲಿ ಅಂತನಾ?"

"ಗುಬ್ಬಿಯೋರು ಯಾರೂ ಓದಲ್ಲ ಅತ್ತೆ."

"ಓದ್ದೆ ಇದ್ರೆ ಯಾಕೆ ಬರೀತೀಯ?"

ಮಧ್ಯಾಹ್ನ ಅಳಿಸು ಅಂದ ಸದಾಶಿವಯ್ಯನೂ ಈಗ ಮಾತು ತಿರುಗಿಸಿದ.

"ಅಮ್ಮನ್ನ ಯಾಕೆ ಎಳೀತೀಯ? ಹೆಂಗಿದೆಯೋ ಹಂಗೇ ಇರ್ಲಿ. ಜಯಮ್ಮ ಅಂತಾನೇ ಇದೆಯಲ್ಲ."

"ಅಕ್ಕನ ಹೆಸರು ಹಾಳಾದ್ರೆ ಪರವಾಗಿಲ್ಲ, ನಿಮ್ಮಮ್ಮಂದು ಆಗ್ಬಾರದು."

"ಅದು ಹಂಗಲ್ಲ..."

"ಅದು ಹಂಗೇ."

ದೀಪಿಕಾ ಬರಹಮನೆಯ ನಿಯಮಗಳನ್ನು ಓದಿ ನೋಡಿದಳು. ಮುಖಪುಟಕ್ಕೆ ಆರಿಸಿದ ಬರಹದಲ್ಲಿ ಒಂದು ಸಾಲು ತಿದ್ದಿದರೂ ಆಯ್ಕೆ ರದ್ದು. ತೊಂಬತ್ತು ದಿನದ ಅವಕಾಶ ಒಂದೇ ಸಲ, ಅದು ಇದೇ ವಾರ ಮುಗಿಯುತ್ತಿತ್ತು.

"ಸೋಮವಾರ ಒಂದು ದಿನ ಹೋಗ್ಲಿ ಅಮ್ಮ. ಮಂಗಳವಾರ ತಿದ್ದು. ಲಕ್ಷ ಜನ ಓದ್ತಾರೆ."

"ಲಕ್ಷ ಜನ ಸುಳ್ಳು ಓದ್ತಾರೆ."

"ಯಾರಿಗೆ ಗೊತ್ತಾಗುತ್ತೆ?"

"ಕುಣಿಗಲ್ಲಿಗೆ ಗೊತ್ತಾಗುತ್ತೆ. ಇಪ್ಪತ್ಮೂರೂ ಓದಿರೋದು ಆ ಹೆಂಗಸೊಬ್ಬಳೇ ಕಣೇ. ನೀನು ಎಷ್ಟು ಓದಿದೀಯ?"

ದೀಪಿಕಾ ಬೆರಳು ಮಡಿಚಿ ಎಣಿಸಿದಳು. "ನಾಲ್ಕು," ಅಂದಳು. "ಐದನೇದು ಅರ್ಧ."

ಸೋಮವಾರ ಸರ್ವಮಂಗಳಮ್ಮ ಐದಕ್ಕೆ ಎದ್ದಳು. ಸ್ನಾನ ಮಾಡಿ, ಚಪಾತಿ ಹಿಟ್ಟು ಕಲಸಿ, ಅದರ ಮೇಲೆ ತಟ್ಟೆ ಮುಚ್ಚಿಟ್ಟು, ಊಟದ ಮೇಜಿನ ಹತ್ತಿರ ಫೋನು ಹಿಡಿದು ಕೂತಳು. ಏಳಕ್ಕೂ ಹಿಟ್ಟು ಹಾಗೇ ಇತ್ತು. ಸದಾಶಿವಯ್ಯ ಖಾಲಿ ಡಬ್ಬಿ ನೋಡಿ, ಏನೋ ಹೇಳಲು ಹೋಗಿ, ಬೇಕರಿಯಲ್ಲಿ ಬನ್ನು ತಿನ್ನುತ್ತೇನೆ ಅಂತ ಹೊರಟ. ದೀಪಿಕಾ ತಾನೇ ಎರಡು ಚಪಾತಿ ಲಟ್ಟಿಸಿಕೊಂಡು ತಿಂದಳು. ಸಿದ್ದಲಿಂಗಮ್ಮ ದೇವರ ಮನೆಯಿಂದ ಹೊರಬಂದು, ಸೊಸೆಯನ್ನು ನೋಡಿ, ಮತ್ತೆ ದೇವರ ಮನೆಗೇ ಹೋದರು.

ಬೀಗದಕೈ ಯಾರದೆಂದು ಬರೆದಳು. ಹಿತ್ತಲ ಬಾಗಿಲಲ್ಲಿ ಕದ್ದು ಬಂದ ಲೋಟವನ್ನು ಬರೆದಳು. ಆ ಲೋಟವನ್ನು ತಾನು ಮೊದಲು ಬರೆದು ಅಳಿಸಿದ್ದೆ ಅಂತಲೂ ಬರೆದಳು. ಆ ಸಾಲಿಗೆ ಬಂದಾಗ ಎದ್ದು ಹೋಗಿ ಮುಖ ತೊಳೆದು ಬಂದಳು. ಒಂಬತ್ತೂ ಮುಕ್ಕಾಲಿಗೆ ಗುಂಡಿ ಒತ್ತಿದಳು.

ಹತ್ತು ಗಂಟೆಗೆ ಮುಖಪುಟ ತೆಗೆದು ನೋಡಿದಳು. ಅವಳ ಜಾಗದಲ್ಲಿ ಮಳೆಯ ಎಂಜಿನಿಯರನ ಹದಿನೇಳನೇ ಕವನ ಇತ್ತು.

ಅವತ್ತು ಎರಡು ಸ್ಟೀಲ್ ತಟ್ಟೆ ನೆಗ್ಗಿದವು.

* * *

ಸಿದ್ದಲಿಂಗಮ್ಮ ಸೊಸೆಯ ಜೊತೆ ಮಾತು ಬಿಟ್ಟರು. ಅಷ್ಟೇ ಆಗಿದ್ದರೆ ತಡೆಯಬಹುದಿತ್ತು. ಕಾಫಿಯನ್ನೂ ಬಿಟ್ಟರು. ಅರವತ್ತು ವರ್ಷದಿಂದ ದಿನಕ್ಕೆ ಮೂರು ಲೋಟ ಕುಡಿದ ಜೀವ, ಮೂರನೇ ದಿನಕ್ಕೆ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿತು.

"ಅಜ್ಜಿ, ಒಂದೇ ಒಂದು ಲೋಟ," ಅಂದಳು ದೀಪಿಕಾ.

"ಕಾಫಿಪುಡಿಗೆ ಬೀಗ ಹಾಕಿದೋಳು ನಾನು. ಊರಿಗೆಲ್ಲ ಗೊತ್ತಾಗಿದೆ. ಯಾವ ಮುಖ ಇಟ್ಕೊಂಡು ಕುಡೀಲಿ? ನಿಮ್ಮಮ್ಮಂಗೆ ಹೇಳು, ಅವಳೇ ಮೂರು ಲೋಟ ಕುಡೀಲಿ ಅಂತ."

ಸರ್ವಮಂಗಳಮ್ಮ ಎರಡು ಮಾರು ದೂರದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಅಜ್ಜಿಗೆ ಹೇಳು, ಉಪವಾಸ ಮಾಡಿ ನನ್ನ ಹೆದರಿಸೋದು ಬೇಡ ಅಂತ."

"ನಿಮ್ಮಮ್ಮಂಗೆ ಹೇಳು, ಉಪವಾಸ ಅಲ್ಲ, ಮುದ್ದೆ ತಿಂತಿದೀನಿ ಅಂತ."

"ನೀವಿಬ್ಬರೇ ಹೇಳ್ಕೊಳಿ, ನನಗೆ ಪೇಪರ್ ತಿದ್ದೋದಿದೆ," ಅಂತ ದೀಪಿಕಾ ರೂಮಿನ ಬಾಗಿಲು ಹಾಕಿಕೊಂಡಳು. ಸದಾಶಿವಯ್ಯ ಸಂಜೆ ಕಾಫಿಯನ್ನು ಶಿರಾ ಗೇಟಿನ ಹೋಟೆಲಿನಲ್ಲೇ ಕುಡಿದು ಬರಲು ಶುರುಮಾಡಿದ. ತಾಯಿಯ ಎದುರು ಕುಡಿಯಲು ನಾಚಿಕೆ, ಹೆಂಡತಿಯ ಎದುರು ಬೇಡ ಅನ್ನಲು ಹೆದರಿಕೆ.

ಅತ್ತ ಓದುಗರು ಇಳಿಯತೊಡಗಿದರು. ನೂರ ಮೂರು ತೊಂಬತ್ತಾಯಿತು, ಎಪ್ಪತ್ತೈದಾಯಿತು. ಮಾಲಿನಿ ಫೋನು ಮಾಡಿದಳು.

"ಬೇಜಾರ್ ಮಾಡ್ಕೋಬೇಡಿ ಮಂಗಳಕ್ಕ. ಫೋನಲ್ಲಿ ಜಾಗ ಇಲ್ಲ, ಆ ಆ್ಯಪ್ ತೆಗೆದ್ಬುಟ್ಟೆ."

"ಹೊಸದಾಗಿ ಹಾಕಿದ್ದು ಓದ್ದಾ?"

"ಯಾವುದು?"

"ಏನಿಲ್ಲ ಬುಡು."

ಬಾಳೆಹಣ್ಣು ತಿಂದ ಮನೆಗಳೆಲ್ಲ ಒಂದೊಂದೇ ಜಾರಿದವು. ಸತ್ಯ ಬರೆದಿದ್ದಕ್ಕೆ ಅವರು ಸಿಟ್ಟಾಗಿ ಹೋಗಿದ್ದರೆ ಸರ್ವಮಂಗಳಮ್ಮನಿಗೆ ಒಂದು ಮರ್ಯಾದೆಯಾದರೂ ಉಳಿಯುತ್ತಿತ್ತು. ಮದುವೆ ಊಟ ಇಲ್ಲ ಅಂತ ಖಾತ್ರಿಯಾಗಿ ಅವರು ಹೋಗಿದ್ದು. ಅದೇ ಅವಳ ಹೊಟ್ಟೆ ಉರಿಸಿತು. ಒಂದು ವಾರ ಒಂದಕ್ಷರ ಬರೆಯಲಿಲ್ಲ. ಆ್ಯಪನ್ನು ಎರಡು ಸಲ ತೆಗೆದುಹಾಕಿ, ಎರಡು ಸಲವೂ ಮತ್ತೆ ಇಳಿಸಿಕೊಂಡಳು.

ಎಂಟನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳು ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಕುಣಿಗಲ್ಲಿನಿಂದ ಫೋನು ಬಂತು. ಕೈ ಕೊಳೆಯಾಗಿತ್ತು, ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು.

"ಓದ್ದೆ ಕಣೇ," ಅಂದಳು ಶಕುಂತಲಮ್ಮ.

"ಸರಿಯಾಗಿದೆಯಾ ಅಕ್ಕ?"

"ಎಲ್ಲಿ ಸರಿಯಾಗಿದೆ? ಪುಡಿ ಜಾಸ್ತಿ ಹಾಕಿದ ದಿನ ನಾನು ಎಲ್ಲರ ಮುಂದೆ ಕಣ್ಣೀರು ಹಾಕಿದೆ ಅಂತ ಬರೆದಿದೀಯ. ನಾನು ಯಾವತ್ತು ಕಣ್ಣೀರು ಹಾಕ್ದೆ?"

ಸರ್ವಮಂಗಳಮ್ಮನಿಗೆ ಸಿಟ್ಟು ಸರ್ರನೆ ನೆತ್ತಿಗೇರಿತು.

"ನೀವೇ ತಾನೆ ಅಂದಿದ್ದು, ತಡೀಲಾರದಂಗಾಯ್ತು ಅಂತ? ಇದನ್ನ ಬರೀಬೇಕು ಅಂತ ನಾನು ಮುಖಪುಟ ಬಿಟ್ಟೆ. ಮನೇಲಿ ಮಾತು ಬಿಟ್ಟವ್ರೆ. ಗುಬ್ಬಿಯೋರು ಎಲ್ಲಾ ಬಿಟ್ಟೋದ್ರು. ಇಷ್ಟಾದ ಮೇಲೂ ನೀವು ತಪ್ಪೇ ಹುಡುಕ್ತೀರಲ್ಲ."

"ತಪ್ಪಿದ್ರೆ ಹುಡುಕ್ತೀನಿ. ತಡೀಲಾರದಂಗಾಯ್ತು ಅಂದೆ, ಕಣ್ಣೀರು ಅಂದ್ನಾ?"

"ಮತ್ತೇನು ಮಾಡಿದ್ರಿ?"

"ಏನಿಲ್ಲ. ಹಿತ್ತಲಿಗೆ ಹೋಗಿ ಸುಮ್ನೆ ಪಾತ್ರೆ ತೊಳ್ದೆ."

"ಪಾತ್ರೆ ತೊಳೆದ್ಲಂತೆ."

ಮಾತು ಬಂದಿದ್ದು ದಿವಾನದಿಂದ. ತಲೆಗೆ ಬಟ್ಟೆ ಬಿಗಿದು ಗೋಡೆ ಕಡೆ ಮಲಗಿದ್ದ ಸಿದ್ದಲಿಂಗಮ್ಮ ಎದ್ದು ಕೂತಿದ್ದರು. ಸೊಸೆಗೆ ನೇರವಾಗಿ ಎಂಟು ದಿನದಲ್ಲಿ ಇದೇ ಮೊದಲ ಮಾತು.

"ಫಿಲ್ಟರನ್ನೇ ಎತ್ತಿ ಅಂಗಳಕ್ಕೆ ಎಸೆದ್ಲು. ಮುಚ್ಚಳ ಚಪ್ಪಟೆಯಾಯ್ತು. ಬರೀಬೇಕು ಅಂದ್ರೆ ಅದನ್ನ ಬರಿ."

"ಯಾರದು, ಅತ್ತೇನಾ?" ನೆಲದ ಮೇಲಿನ ಫೋನು ಕೇಳಿತು. "ಎಸೀಲಿಲ್ಲ ಅಂತ ಹೇಳು. ಕೈ ಜಾರಿ ಬಿತ್ತು."

"ಜಾರಿ ಬಿದ್ದಿದ್ದು ತುಳಸಿಕಟ್ಟೆ ದಾಟುತ್ತೇನೇ ಶಕುಂತಲ?"

"ಕೈ ಒದ್ದೆಯಿತ್ತು ಅತ್ತೆ."

"ಬಾಯಿ ಒದ್ದೆಯಿರ್ಲಿಲ್ಲವಲ್ಲ. ಏನೇನು ಅಂದೆ ಆವತ್ತು, ಹೇಳ್ಲಾ?" ಸಿದ್ದಲಿಂಗಮ್ಮ ದಿವಾನದಿಂದ ಇಳಿದು ಫೋನಿನ ಹತ್ತಿರ ಬಂದು ಕೂತರು. "ಬೀಗ ಯಾಕೆ ಹಾಕಿದೆ ಅಂತ ನಿಮ್ಮಲ್ಲಿ ಒಬ್ಬಳಾದ್ರೂ ಕೇಳಿದ್ರಾ? ನಿಮ್ಮ ಮಾವ ತಿಂಗಳಿಗೆ ಅರ್ಧ ಕೆಜಿ ಪುಡಿ ತರೋರು. ಹದಿನಾಲ್ಕು ಜನ. ಮೇಲೆ ಅಂಗಡಿಗೆ ಬಂದೋರಿಗೆಲ್ಲ ಒಳಗಿಂದ ಕಾಫಿ ಕಳಿಸು ಅನ್ನೋರು. ಇಪ್ಪತ್ತನೇ ತಾರೀಕಿಗೆ ಪುಡಿ ಮುಗಿದ್ರೆ ಏಟು ತಿಂತಿದ್ದೋಳು ನಾನು. ನೀವಲ್ಲ."

ಸರ್ವಮಂಗಳಮ್ಮನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ಉಳಿಯಿತು.

"ಏಟಾ?" ಅಂದಳು ಶಕುಂತಲಮ್ಮ. "ನಮ್ಮ ಮಾವ ಕೈ ಎತ್ತಿದ್ದನ್ನ ನಾನು ನೋಡಿಲ್ಲ."

"ನೀನು ನೋಡೋಕೆ ಮುಂಚೆ."

"ಹಂಗಿದ್ರೆ ನನಗ್ಯಾಕೆ ಎರಡನೇ ಡಿಕಾಕ್ಷನ್ ಕೊಟ್ರಿ? ನನ್ನ ಮೇಲೇನು ಸಿಟ್ಟು?"

"ನಿನ್ನ ಮೇಲಲ್ಲ ಕಣೇ. ನಾನು ಕುಡೀತಿದ್ದಿದ್ದೂ ಅದೇ."

"ಸುಳ್ಳು. ನಿಮ್ಮ ಲೋಟ ಬೇರೆ ಇತ್ತು. ಹಿತ್ತಾಳೆದು."

"ಲೋಟ ಬೇರೆ. ಒಳಗಿದ್ದಿದ್ದು ಏನು ಅಂತ ಇಣುಕಿ ನೋಡಿದ್ಯಾ?"

"ನೋಡೋಕೆ ಬಿಡ್ತಿದ್ರಾ ನೀವು?"

ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬರದು ಇನ್ನೊಬ್ಬರಿಗೆ ಕೇಳದಷ್ಟು ಗದ್ದಲವಾಯಿತು. ಸರ್ವಮಂಗಳಮ್ಮ ಸೆರಗಿಗೆ ಕೈ ಒರೆಸಿಕೊಂಡು, ಮೇಜಿನ ಮೇಲಿದ್ದ ದೀಪಿಕಾಳ ಕೆಂಪು ಪೆನ್ನು, ಒಂದು ಹಾಳೆ ಎಳೆದುಕೊಂಡಳು.

"ಸ್ವಲ್ಪ ಬಾಯಿ ಮುಚ್ತೀರಾ ಇಬ್ಬರೂ?" ಅಂದಳು. "ಒಬ್ಬೊಬ್ಬರೇ ಹೇಳಿ. ನಾನು ಬರ್ಕೋಬೇಕು."